ಕಾಸರಗೋಡಿನಲ್ಲಿ ಬಿ.ಎ. ಓದುವ ಕನ್ನಡ ವಿದ್ಯಾರ್ಥಿಗೆ: ಅರ್ಜಿಯಿಂದ ಟಿ.ಸಿ.ವರೆಗೆ

ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡದ ಮನೆಗಳಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಿ.ಎ. ಈಗ ನಾಲ್ಕು ವರ್ಷವಂತೆ, ಹೌದೇ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಾಲೇಜಿನ ಇಂಗ್ಲಿಷು, ಮಲಯಾಳ ನಿಭಾಯಿಸಲು ಆದೀತೇ? ಮಂಗಳೂರಿಗೆ ಹೋಗುವುದೋ, ವಿದ್ಯಾನಗರದಲ್ಲೇ ಸೇರುವುದೋ? ಕಲಾ ವಿಭಾಗ ಓದಿ ಮುಂದೇನು?

ಈ ಪ್ರಶ್ನೆಗಳಿಗೆ ಒಟ್ಟಾಗಿ ಉತ್ತರ ಇಲ್ಲಿದೆ. ಓದುವಾಗ ಒಂದು ಮಾತು ನೆನಪಿರಲಿ: ಗಡಿನಾಡಿನ ವಿದ್ಯಾರ್ಥಿಗೆ ಎರಡು ರಾಜ್ಯಗಳ ಬಾಗಿಲು ತೆರೆದಿದೆ, ಆದರೆ ಎರಡರ ಬೀಗದ ಕೈಯೂ ಬೇರೆ ಬೇರೆ. ಯಾವ ಬಾಗಿಲು ಬೇಕೆಂದು ಮೂರನೇ ವರ್ಷದಲ್ಲಿ ಯೋಚಿಸಲು ಹೊರಟರೆ ತಡವಾಗಿರುತ್ತದೆ. ಮೊದಲ ಎರಡು ಸೆಮಿಸ್ಟರಿನಲ್ಲಿ ಟಿಕ್ ಹಾಕಿದ ಪೆಟ್ಟಿಗೆಗಳೇ ಆಗ ದಾರಿ ತೋರಿಸುತ್ತಿರುತ್ತವೆ.

1. ಮೊದಲು ಕೊನೆಯಿಂದ ಲೆಕ್ಕ ಹಾಕಿ

ಅರ್ಜಿ ತುಂಬುವ ಮುನ್ನ ಒಂದು ಹಾಳೆಯಲ್ಲಿ ನಿಮಗೆ ಬೇಕಾದ ಕೆಲಸ ಬರೆಯಿರಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಕೇರಳದ ಹೈಸ್ಕೂಲಿನಲ್ಲಿ ಕನ್ನಡ ಅಧ್ಯಾಪಕರಾಗಬೇಕೆಂದರೆ ಕನ್ನಡ ಬಿ.ಎ., ಕನ್ನಡ ಬಿ.ಎಡ್., ಜೊತೆಗೆ ಕೆ-ಟೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆಯ ಮೂರನೇ ವಿಭಾಗ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಲು ಇತಿಹಾಸ, ಅರ್ಥಶಾಸ್ತ್ರದಂಥ ವಿಷಯದಲ್ಲಿ ಬಿ.ಎ., ಅದಕ್ಕೆ ಹೊಂದುವ ಬಿ.ಎಡ್. ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್., ಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ. ಕಾಲೇಜಿಗೆ ಎಂ.ಎ. ಮತ್ತು ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಲೋವರ್ ಪ್ರೈಮರಿಗೆ ಬಿ.ಎ. ಬೇಕಾಗಿಯೇ ಇಲ್ಲ, ಪ್ಲಸ್ ಟು ಮುಗಿಸಿ ಪ್ರಾಥಮಿಕ ಶಾಲಾ ಅಧ್ಯಾಪಕರ ತರಬೇತಿಯಾದ ಡಿ.ಎಲ್.ಎಡ್. ಮಾಡುವುದು ಅದರ ನೇರ ದಾರಿ. ಇದು ಗೊತ್ತಿಲ್ಲದೆ ಮೂರು ವರ್ಷ ಬಿ.ಎ. ಮಾಡಿ ಮತ್ತೆ ಡಿ.ಎಲ್.ಎಡ್.ಗೆ ಹೋಗುವವರು ಕಡಿಮೆಯೇನಿಲ್ಲ.

ಬ್ಯಾಂಕು, ಕೇರಳ ಲೋಕಸೇವಾ ಆಯೋಗವಾದ ಪಿ.ಎಸ್.ಸಿ.ಯ ಸಾಮಾನ್ಯ ಹುದ್ದೆ, ಸಿವಿಲ್ ಸರ್ವಿಸ್ ಇವಕ್ಕೆ ಯಾವ ವಿಷಯದ ಡಿಗ್ರಿಯಾದರೂ ನಡೆಯುತ್ತದೆ. ಅಲ್ಲಿಗೆ ಹೊರಟವರು ಅಂಕ ಚೆನ್ನಾಗಿ ಬರುವ, ಓದಲು ಮನಸ್ಸಿರುವ ವಿಷಯ ಹಿಡಿದರೆ ಸಾಕು. ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಕನ್ನಡ ಸಾಹಿತ್ಯವೂ ಇದೆ ಎಂಬುದನ್ನು ಮರೆಯಬೇಡಿ.

2. ಇಲ್ಲಿಯೋ, ಮಂಗಳೂರೋ?

ಎರಡು ರಾಜ್ಯಗಳ ಡಿಗ್ರಿ ಈಗ ಒಂದೇ ಅಚ್ಚಿನದಲ್ಲ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಆದರೆ ಮೂರನೇ ವರ್ಷ ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಬರಬಹುದು; ನಾಲ್ಕನೇ ವರ್ಷ ಕಡ್ಡಾಯವಲ್ಲ. ಒಂದು ಅಥವಾ ಎರಡು ವರ್ಷಕ್ಕೆ ಬಿಟ್ಟರೆ ಮಾತ್ರ ಕೈಗೆ ಡಿಗ್ರಿ ಬಾರದು. ಕರ್ನಾಟಕ ಅದೇ 2024-25ರಲ್ಲಿ ನಾಲ್ಕು ವರ್ಷದ ಕ್ರಮ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಹಾಗಾಗಿ ಎಂ.ಎ. ಅಥವಾ ಸಂಶೋಧನೆಯವರೆಗೂ ಹೋಗುವ ಯೋಚನೆ ಇದ್ದವರಿಗೆ ಇಲ್ಲಿನ ಕ್ರಮದಲ್ಲಿ ಒಂದು ಹೆಚ್ಚಿನ ಅನುಕೂಲ ಇದೆ. ಅದರ ವಿವರ ಕೆಳಗೆ ಎಂಟನೇ ಹಂತದಲ್ಲಿದೆ.

ಜಿಲ್ಲೆಯಲ್ಲಿ ಕನ್ನಡದ ಮಟ್ಟಿಗೆ ಹಳೆಯ ನೆಲೆ ವಿದ್ಯಾನಗರದ ಸರಕಾರಿ ಕಾಲೇಜು. 1957ರಲ್ಲಿ ಆರಂಭವಾದ ಇಲ್ಲಿ ಕನ್ನಡ ಬಿ.ಎ., ಎಂ.ಎ. ಎರಡೂ ಇವೆ. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು 1980ರಿಂದ ಇದೆ. ಕಾಞಂಗಾಡಿನ ಕಡೆಯವರಿಗೆ ಪಡನ್ನಕ್ಕಾಡಿನ ನೆಹರೂ ಕಲಾ ಮತ್ತು ವಿಜ್ಞಾನ ಕಾಲೇಜು ಹತ್ತಿರ. ಮೂರೂ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು.

ಎಚ್ಚರಿಕೆ: ಮಂಗಳೂರಿನಲ್ಲಿ ಡಿಗ್ರಿ ಮಾಡಿ ಬಿ.ಎಡ್.ಗೋ ಪಿ.ಎಸ್.ಸಿ.ಗೋ ಕೇರಳಕ್ಕೆ ಮರಳುವುದಾದರೆ, ನಿಮ್ಮ ಡಿಗ್ರಿಗೆ ಮಾನ್ಯತೆಯ ಅಥವಾ ತತ್ಸಮಾನತೆಯ ಕಾಗದ ಕೇಳಬಹುದು. ‘ಈ ಡಿಗ್ರಿ ನಮ್ಮ ಡಿಗ್ರಿಗೆ ಸಮ’ ಎಂದು ಇಲ್ಲಿನ ವಿಶ್ವವಿದ್ಯಾಲಯ ಕೊಡುವ ಪತ್ರ ಅದು. ಹುದ್ದೆಯ ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಡಿಗ್ರಿ ಕೈಗೆ ಬಂದ ತಿಂಗಳಲ್ಲೇ ವಿಚಾರಿಸಿ ಮುಗಿಸಿ.

3. ಕಾಗದಪತ್ರ: ಹೆಸರು ಸರಿಯಿದ್ದರೆ ಅರ್ಧ ಕೆಲಸ ಆಯಿತು

ಬೇಕಾಗುವವು ಇವು: ಎಸ್.ಎಸ್.ಎಲ್.ಸಿ. ಪುಸ್ತಕ, ಪ್ಲಸ್ ಟು ಅಂಕಪಟ್ಟಿ, ಟಿ.ಸಿ. ಮತ್ತು ನಡತೆಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹಿಂದುಳಿದ ವರ್ಗದವರಾದರೆ ಆ ವರ್ಗದ ಅನುಕೂಲಸ್ಥರ ಪದರಕ್ಕೆ ಸೇರಿದವರಲ್ಲ ಎಂಬ ನಾನ್ ಕ್ರೀಮಿಲೇಯರ್ ಪತ್ರ, ಪ್ಲಸ್ ಟುವಿನಲ್ಲಿ ಎನ್.ಎಸ್.ಎಸ್. ಅಥವಾ ಎನ್.ಸಿ.ಸಿ. ಇದ್ದಿದ್ದರೆ ಅದರ ಸರ್ಟಿಫಿಕೇಟು. ಕಂದಾಯ ಇಲಾಖೆಯ ಪತ್ರಗಳಿಗೆ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಲ್ಲಿ ಪರಿಶೀಲನೆಯಾಗಿ ಬರುತ್ತವೆ. ಫಲಿತಾಂಶದ ನಂತರದ ವಾರ ಎಲ್ಲ ಅಕ್ಷಯಗಳಲ್ಲೂ ಸಾಲು, ಏಪ್ರಿಲಿನಲ್ಲೇ ಮಾಡಿಸಿಡಿ.

ಹೆಸರಿನ ತೊಂದರೆ ಗಡಿನಾಡಿನಲ್ಲಿ ಹೆಚ್ಚು. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇನಿಷಿಯಲ್ ಮಾತ್ರ, ಆಧಾರಿನಲ್ಲಿ ತಂದೆಯ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಕೊನೆಗೆ ರೈ, ಭಟ್ ಅಥವಾ ಶೆಟ್ಟಿ. ಕನ್ನಡದಲ್ಲಿ ಒಂದು ಉಚ್ಚಾರ, ಮಲಯಾಳದಲ್ಲಿ ಬರೆದವರ ಕಿವಿಗೆ ಬಿದ್ದದ್ದು ಇನ್ನೊಂದು, ಇಂಗ್ಲಿಷಿಗೆ ಇಳಿಯುವಾಗ ಮೂರನೆಯದು. ಕೇರಳದಲ್ಲಿ ಹೆಸರಿಗೂ ಜನ್ಮದಿನಾಂಕಕ್ಕೂ ಮೂಲ ದಾಖಲೆ ಎಸ್.ಎಸ್.ಎಲ್.ಸಿ. ಪುಸ್ತಕ. ಉಳಿದವನ್ನು ಅದಕ್ಕೆ ಹೊಂದಿಸಿ, ಅದನ್ನು ಉಳಿದವಕ್ಕೆ ಹೊಂದಿಸಲು ಹೋಗಬೇಡಿ. ಎಸ್.ಎಸ್.ಎಲ್.ಸಿ.ಯಲ್ಲಿ ಹೆಸರನ್ನೇ ಬದಲಿಸುವುದಾದರೆ ಗೆಜೆಟ್ ಪ್ರಕಟಣೆಯ ದಾರಿ, ಅದು ತಿಂಗಳುಗಟ್ಟಲೆಯ ಕೆಲಸ. ಆಧಾರ್ ತಿದ್ದುಪಡಿ ಅದಕ್ಕಿಂತ ಎಷ್ಟೋ ಸುಲಭ.

ನಾನ್ ಕ್ರೀಮಿಲೇಯರ್ ಪತ್ರದಲ್ಲೂ ಒಂದು ಗುಂಡಿ ಇದೆ. ರಾಜ್ಯದ ಪ್ರವೇಶಕ್ಕೆ ಕೊಡುವ ನಮೂನೆ ಬೇರೆ, ಕೇಂದ್ರ ಸರಕಾರದ ನಮೂನೆ ಬೇರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ನೆಟ್ ಪರೀಕ್ಷೆಗೋ ರಾಜ್ಯದ ಪತ್ರ ನಡೆಯುವುದಿಲ್ಲ. ಎರಡು ಪಟ್ಟಿಗಳಲ್ಲಿರುವ ಜಾತಿಗಳೂ ಪೂರ್ತಿ ಒಂದೇ ಅಲ್ಲ.

ಕಚೇರಿಯಲ್ಲಿ ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು ಎಂದಿದೆ. ಕನ್ನಡದಲ್ಲೇ ಅರ್ಜಿ ಬರೆದುಕೊಡಿ.

4. ಅರ್ಜಿ ಮತ್ತು ಅಲಾಟ್‌ಮೆಂಟ್

ಕಣ್ಣೂರು ವಿಶ್ವವಿದ್ಯಾಲಯದ ಪ್ರವೇಶ ಏಕಜಾಲಕ ಪದ್ಧತಿಯದು. ಅಂದರೆ ಕಾಲೇಜು ಕಾಲೇಜಿಗೆ ಅಲೆಯದೆ ಒಂದೇ ಆನ್‌ಲೈನ್ ಅರ್ಜಿಯಲ್ಲಿ ನಿಮ್ಮ ಇಷ್ಟದ ಕಾಲೇಜು, ವಿಷಯಗಳನ್ನು ಕ್ರಮವಾಗಿ ಕೊಡುತ್ತೀರಿ. ರ‍್ಯಾಂಕು ನಿಂತಿರುವುದು ಬರೀ ಪ್ಲಸ್ ಟು ಮೊತ್ತದ ಮೇಲಲ್ಲ, ಇಂಡೆಕ್ಸ್ ಮಾರ್ಕಿನ ಮೇಲೆ. ನೀವು ಕೇಳಿದ ವಿಷಯಕ್ಕೆ ತಕ್ಕಂತೆ ಕೂಡಿಸಿ ಕಳೆದು ತೆಗೆಯುವ ಅಂಕ ಅದು. ಒಂದು ಭಾಷೆಯ ಬಿ.ಎ.ಗೆ ಆ ಭಾಷೆಯ ಅಂಕಕ್ಕೆ ತೂಕ ಹೆಚ್ಚು.

ಇಲ್ಲಿ ತಪ್ಪುವುದು ಮೂರು ಕಡೆ.

ಒಂದು, ಆಯ್ಕೆಗಳ ಕ್ರಮ. ‘ಸಿಗುವ ಸಾಧ್ಯತೆ ಇರುವುದನ್ನು ಮೇಲೆ ಇಡೋಣ’ ಎಂಬ ಜಾಣತನ ಮಾಡಬೇಡಿ. ಯಾವುದು ಹೆಚ್ಚು ಬೇಕೋ ಅದೇ ಮೇಲೆ. ಐದನೆಯ ಆಯ್ಕೆ ಸಿಕ್ಕಿದರೆ ಆರರಿಂದ ಕೆಳಗಿನವು ತಾವಾಗಿ ರದ್ದಾಗುತ್ತವೆ; ಒಂದರಿಂದ ನಾಲ್ಕು ನೀವು ತೆಗೆಯುವವರೆಗೆ ಜೀವಂತ.

ಎರಡು, ಶುಲ್ಕ. ಮೊದಲ ಅಲಾಟ್‌ಮೆಂಟಿನಲ್ಲಿ ಸಿಕ್ಕಿದ್ದು ಮನಸ್ಸಿಗೆ ಬರಲಿಲ್ಲವೆಂದು ಸುಮ್ಮನೆ ಕೂತರೆ ಪಟ್ಟಿಯಿಂದಲೇ ಹೊರಗೆ. ಹೇಳಿದ ದಿನದೊಳಗೆ ಶುಲ್ಕ ಕಟ್ಟಿ ಸೀಟು ಹಿಡಿದುಕೊಂಡೇ ಮೇಲಿನ ಆಯ್ಕೆಗೆ ಕಾಯಬೇಕು.

ಮೂರು, ಕೋಟಾ. ಭಾಷಾ ಅಲ್ಪಸಂಖ್ಯಾತ, ಕ್ರೀಡೆ, ಸಮುದಾಯ ಮೀಸಲು ಇವುಗಳ ಕಾಲಂ ಖಾಲಿ ಬಿಟ್ಟರೆ ಆಮೇಲೆ ತುಂಬಲು ಒದ್ದಾಟ. ಆ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲಿ ನಿಮ್ಮ ಕಾಲೇಜಿನ ಪುಟವನ್ನೇ ತೆರೆದು ನೋಡಿ. ಅಕ್ಷಯದವರು ಎಲ್ಲರಿಗೂ ಒಂದೇ ರೀತಿ ತುಂಬುತ್ತಾರೆ.

ಸೀಟು ಸಿಕ್ಕ ಮೇಲೆ ಎರಡು ಕೆಲಸ: ಡಿಜಿಲಾಕರ್ ಮೂಲಕ ಎ.ಬಿ.ಸಿ. ಐ.ಡಿ. ಮಾಡಿಕೊಳ್ಳಿ. ನೀವು ಗಳಿಸುವ ಕ್ರೆಡಿಟ್‌ಗಳು ಜಮೆಯಾಗುವ ಪಾಸ್‌ಬುಕ್ಕು ಅದು. ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆಯನ್ನು ಆನ್‌ಲೈನಿನಲ್ಲಿ ಕೊಡಿ. ತೊಂದರೆಯಾದರೆ ಯು.ಜಿ.ಸಿ.ಯ ಉಚಿತ ಸಂಖ್ಯೆ 1800-180-5522.

5. ಕ್ರೆಡಿಟ್ ಎಂಬ ಲೆಕ್ಕ

ಕ್ರೆಡಿಟ್ ಎಂದರೆ ಪಾಠದ ತೂಕದ ಅಳತೆ. ತರಗತಿ ಪಾಠದಲ್ಲಿ ಒಂದು ಕ್ರೆಡಿಟಿಗೆ 15 ಗಂಟೆ. 4 ಕ್ರೆಡಿಟಿನ ಪೇಪರಿಗೆ 60 ಗಂಟೆ. ಮೂರು ವರ್ಷದ ಡಿಗ್ರಿಗೆ 133 ಕ್ರೆಡಿಟ್, ನಾಲ್ಕು ವರ್ಷದ ಡಿಗ್ರಿಯಾದ ಆನರ್ಸಿಗೆ 177.

133 ಹೀಗೆ ಹಂಚಿಹೋಗುತ್ತದೆ. ಮೇಜರ್, ಅಂದರೆ ನಿಮ್ಮ ಮುಖ್ಯ ವಿಷಯ: 17 ಪೇಪರು, 68 ಕ್ರೆಡಿಟ್. ಮೈನರ್, ಅಂದರೆ ಪಕ್ಕದ ವಿಷಯಗಳು: 6 ಪೇಪರು, 24. ಭಾಷಾ ಪೇಪರುಗಳು, ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ: 4 ಪೇಪರು, 12. ಬಹುಶಿಸ್ತೀಯ, ಅಂದರೆ ನಿಮ್ಮ ವಿಷಯದ ಹೊರಗಿನ ಪರಿಚಯ ಪೇಪರು: 3, 9 ಕ್ರೆಡಿಟ್. ಮೌಲ್ಯವರ್ಧಿತ ಪೇಪರು 3, ಕೌಶಲದ ಪೇಪರು 3, ತಲಾ 9. ಇಂಟರ್ನ್‌ಶಿಪ್ಪಿಗೆ 2. ಕೂಡಿಸಿ ನೋಡಿ, 133 ಆಗುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ಮೇಜರ್ ಒಂದೇ ಪೇಪರು ಕಂಡು ‘ಕನ್ನಡ ಬಿ.ಎ.ಗೆ ಸೇರಿದ್ದು, ಕನ್ನಡವೇ ಇಲ್ಲವಲ್ಲ’ ಎಂದು ಗಾಬರಿಯಾಗುವವರಿದ್ದಾರೆ. ಕ್ರಮವೇ ಹಾಗೆ. ಮೊದಲ ವರ್ಷ ಹರಡಿಕೊಂಡಿರುತ್ತದೆ, ಐದು ಮತ್ತು ಆರನೇ ಸೆಮಿಸ್ಟರಿನಲ್ಲಿ ಮೇಜರ್ ಪೇಪರುಗಳು ಒಟ್ಟೊಟ್ಟಿಗೆ ಐದೈದು ಬಂದು ಬೀಳುತ್ತವೆ. ಆದ್ದರಿಂದ ಮೊದಲ ವರ್ಷದ ಬಿಡುವನ್ನು ಬಿಡುವೆಂದು ತಿಳಿಯಬೇಡಿ. ಕನ್ನಡದವರು ಹಳಗನ್ನಡ ಓದುವುದನ್ನು ಆಗಲೇ ಶುರುಮಾಡಿದರೆ ಐದನೇ ಸೆಮಿಸ್ಟರು ಹಗುರ.

ಮೈನರ್ ಆರಿಸುವಾಗ ಗೆಳೆಯರು ಹೋದ ಕಡೆ ಹೋಗಬೇಡಿ, ‘ಸುಲಭ ಅಂಕದ ಸಾರ್’ ಇರುವ ಕಡೆಗೂ ಬೇಡ. ಆರು ಪೇಪರನ್ನು ಆರು ವಿಷಯಕ್ಕೆ ಚೂರು ಮಾಡಿದರೆ ಯಾವುದರಲ್ಲೂ ಹಿಡಿತ ಬಾರದು. ಒಂದೋ ಎರಡೋ ವಿಷಯವನ್ನು ಸಾಲಾಗಿ ಹಿಡಿಯಿರಿ. ಕನ್ನಡ ಮೇಜರಿನವರಿಗೆ ಇತಿಹಾಸ ಚೆನ್ನಾಗಿ ಕೂಡುತ್ತದೆ: ಶಾಸನ, ಸ್ಥಳನಾಮ, ಗಡಿಯ ಚರಿತ್ರೆ ಎಲ್ಲ ಒಂದಕ್ಕೊಂದು ಒದಗುತ್ತದೆ. ಪತ್ರಿಕೆ, ಅನುವಾದದತ್ತ ಮನಸ್ಸಿದ್ದವರು ಇಂಗ್ಲಿಷ್ ನೋಡಲಿ. ಸೇರಿದ ಮೇಜರ್ ಒಗ್ಗದಿದ್ದರೆ ಎರಡನೇ ಸೆಮಿಸ್ಟರಿನ ಕೊನೆಗೆ, ಸೀಟು ಖಾಲಿ ಇದ್ದರೆ, ಬದಲಿಸಲು ಅವಕಾಶ ಇದೆ. ಆ ಬಾಗಿಲು ತೆರೆದಿರಬೇಕಾದರೆ ಹೋಗಬೇಕೆಂದಿರುವ ವಿಷಯವನ್ನು ಮೊದಲ ವರ್ಷವೇ ಮೈನರಾಗಿ ಓದಿರುವುದು ಒಳ್ಳೆಯದು.

ಎರಡನೇ ಭಾಷೆಯ ಕಾಲಂ ಬಗ್ಗೆ ಬಿಡಿಸಿ ಹೇಳಬೇಕು. ಕನ್ನಡ ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ಕನ್ನಡ ಸಿಗುವುದಿಲ್ಲ. ಸೇರುವ ಮೊದಲೇ ಕೇಳಿ. ಸಿಗುವ ಕಡೆ ಕನ್ನಡವನ್ನೇ ತೆಗೆದುಕೊಳ್ಳಿ. ಮಕ್ಕಳು ಕೇಳದಿದ್ದರೆ ಪೇಪರು ನಿಲ್ಲುತ್ತದೆ, ಪೇಪರು ನಿಂತರೆ ಹುದ್ದೆಯೂ ಹೋಗುತ್ತದೆ.

6. ಮೂರು ಭಾಷೆಗಳ ತರಗತಿಯಲ್ಲಿ ಕೂರುವುದು ಹೇಗೆ

ಕನ್ನಡ ಮಾಧ್ಯಮದವರು ನಿಜವಾಗಿ ಎಡವುವುದು ಇಲ್ಲಿ, ಪ್ರಾಸ್ಪೆಕ್ಟಸ್ಸಿನಲ್ಲಿ ಇದರ ಸುದ್ದಿ ಇರುವುದಿಲ್ಲ. ಭಾಷಾ ವಿಷಯ ಬಿಟ್ಟರೆ ಪುಸ್ತಕ ಇಂಗ್ಲಿಷಿನದು, ವಿವರಣೆ ಬಹುಪಾಲು ಮಲಯಾಳದಲ್ಲಿ, ನಿಮ್ಮ ತಲೆಯೊಳಗಿನ ಪರಿಭಾಷೆ ಕನ್ನಡದ್ದು. ಮೊದಲ ಎರಡು ತಿಂಗಳು ಏನೂ ತಲೆಗೆ ಹತ್ತದಂತೆ ಅನ್ನಿಸುವುದು ದಡ್ಡತನದಿಂದಲ್ಲ.

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟಕ್ಕೆ ಎರಡು ಗೀಟು ಹಾಕಿ ಮೂರು ಕಾಲಂ ಮಾಡಿ. ಮೊದಲ ಕಾಲಂ ಇಂಗ್ಲಿಷ್ ಪದ, ಎರಡನೆಯದು ತರಗತಿಯಲ್ಲಿ ಕೇಳಿದ ಮಲಯಾಳ ಪದ, ಕನ್ನಡ ಲಿಪಿಯಲ್ಲೇ ಬರೆದರೂ ಸರಿ, ಮೂರನೆಯದು ಕನ್ನಡ. ಅರ್ಥಶಾಸ್ತ್ರದ ಅಧ್ಯಾಪಕರು ‘ಚೋದನಂ, ಪ್ರದಾನಂ’ ಎಂದರೆ ನೀವು ಶಾಲೆಯಲ್ಲಿ ಓದಿದ ಬೇಡಿಕೆ, ಪೂರೈಕೆ. ಪುಸ್ತಕದಲ್ಲಿ ಡಿಮ್ಯಾಂಡ್, ಸಪ್ಲೈ. ದಿನಕ್ಕೆ ಐದು ಪದ ಬರೆದರೂ ಓಣಂ ರಜೆಯ ಹೊತ್ತಿಗೆ ತರಗತಿ ತಿಳಿಯಾಗುತ್ತದೆ.

ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎಂದು ಅನ್ನಿಸುವ ಪದ ಹೆಚ್ಚು ಕೆಡಿಸುತ್ತದೆ. ಎರಡೂ ಭಾಷೆ ಸಂಸ್ಕೃತದಿಂದ ಅದೇ ಪದ ತಂದು ಬೇರೆ ಬೇರೆ ಕೆಲಸಕ್ಕೆ ಹಚ್ಚಿವೆ. ಮಲಯಾಳದಲ್ಲಿ ‘ಉಪನ್ಯಾಸಂ’ ಬರೆಯಿರಿ ಎಂದರೆ ಪ್ರಬಂಧ ಬರೆಯಿರಿ ಎಂದರ್ಥ. ಭಾಷಣ ಮಾಡಲು ಎದ್ದು ನಿಲ್ಲಬೇಡಿ. ಅವರ ‘ಪ್ರಬಂಧಂ’ ಸಾಮಾನ್ಯವಾಗಿ ಸಂಶೋಧನಾ ಬರಹ. ‘ಪ್ರಸಂಗಂ’ ಎಂದರೆ ಭಾಷಣ, ಯಕ್ಷಗಾನದ ಪ್ರಸಂಗವಲ್ಲ. ‘ಅಪೇಕ್ಷ’ ಎಂದರೆ ಅರ್ಜಿ. ‘ಒಪ್ಪ್’ ಎಂದರೆ ಸಹಿ. ರಾಜ್ಯಶಾಸ್ತ್ರದ ತರಗತಿಯಲ್ಲಂತೂ ‘ಅವಕಾಶಂ’ ಎಂದರೆ ಹಕ್ಕು. ಮೂಲಭೂತ ಹಕ್ಕುಗಳ ಪಾಠವನ್ನು ಅವಕಾಶಗಳ ಪಾಠವೆಂದು ಬರೆದುಕೊಂಡರೆ ಇಡೀ ಉತ್ತರವೇ ಅಡ್ಡದಾರಿ ಹಿಡಿಯುತ್ತದೆ.

ಓದುವ ಕ್ರಮ ಹೀಗಿರಲಿ. ಪಾಠದ ಹಿಂದಿನ ರಾತ್ರಿ ಆ ವಿಷಯವನ್ನು ಕನ್ನಡದಲ್ಲಿ ಒಮ್ಮೆ ಓದಿ, ಕರ್ನಾಟಕದ ಪಿ.ಯು.ಸಿ. ಪಠ್ಯಪುಸ್ತಕಗಳು ಇದಕ್ಕೆ ಸಾಕಷ್ಟು ಒದಗುತ್ತವೆ. ತರಗತಿಯಲ್ಲಿ ಟಿಪ್ಪಣಿ ಯಾವ ಭಾಷೆಯಲ್ಲಿ ಕೈ ಓಡುತ್ತದೋ ಅದರಲ್ಲಿ. ಮನೆಗೆ ಬಂದ ಮೇಲೆ ಆ ದಿನದ್ದನ್ನು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಮಾಡಿ, ಚಿಕ್ಕ ವಾಕ್ಯವೇ ಸಾಕು. ವಾರಕ್ಕೊಮ್ಮೆ ಅಧ್ಯಾಪಕರಿಗೆ ತೋರಿಸಿ. ಗೈಡ್ ಪುಸ್ತಕದ ಇಂಗ್ಲಿಷ್ ಪ್ಯಾರಾ ಬಾಯಿಪಾಠ ಮಾಡಿದವರು ಪ್ರಶ್ನೆ ಒಂದಿಷ್ಟು ತಿರುಗಿ ಬಂದರೆ ಕಕ್ಕಾಬಿಕ್ಕಿ.

ಮಲಯಾಳ ಓದಲು ಬಾರದವರು ಮೊದಲ ರಜೆಯಲ್ಲೇ ಅಕ್ಷರ ಕಲಿಯಿರಿ. ಬಸ್ಸಿನ ಬೋರ್ಡು, ನೋಟಿಸ್ ಬೋರ್ಡು, ಪಿ.ಎಸ್.ಸಿ. ಎಲ್ಲಕ್ಕೂ ಬೇಕು. ಇದರಿಂದ ಕನ್ನಡ ಹೋಗುವುದಿಲ್ಲ.

7. ಹಾಜರಿ, ಇಂಟರ್ನಲ್, ಇಂಟರ್ನ್‌ಶಿಪ್

ಹಾಜರಿ 75 ಶೇಕಡ ಬೇಕು. 60 ಗಂಟೆಯ ಪೇಪರಿನಲ್ಲಿ 15 ಗಂಟೆ ಮಾತ್ರ ತಪ್ಪಿಸಬಹುದು ಎಂದಾಯಿತು. ಇದು ಕೇಳಲು ಧಾರಾಳ. ಆದರೆ ಜಾತ್ರೆ, ಮದುವೆ, ಜ್ವರ, ಮಳೆಗಾಲದಲ್ಲಿ ಕೈಕೊಡುವ ಬಸ್ಸು ಎಲ್ಲ ಇದರೊಳಗೇ ಬರಬೇಕು. ಕಡಿಮೆಯಾದರೆ ಕಂಡೊನೇಶನ್, ಅಂದರೆ ಕಾರಣ ತೋರಿಸಿ ದಂಡ ಕಟ್ಟಿ ವಿನಾಯಿತಿ ಪಡೆಯುವ ಕ್ರಮ ಇದೆ. ಅದಕ್ಕೂ ಮಿತಿ ಇದೆ, ಪ್ರತಿ ಸೆಮಿಸ್ಟರೂ ಸಿಗುವಂಥದ್ದಲ್ಲ. ‘ಪಠಿಪ್ಪ್ ಮುಡಕ್’ ಎಂದು ಸಂಘಟನೆಗಳು ತರಗತಿ ಬಹಿಷ್ಕರಿಸಿದ ದಿನವೂ ಹಾಜರಿ ಕರೆದಿರಬಹುದು, ಮನೆಗೆ ಹೊರಡುವ ಮುನ್ನ ವಿಭಾಗದಲ್ಲಿ ಕೇಳಿಕೊಳ್ಳಿ.

ಥಿಯರಿ ಪೇಪರಿನಲ್ಲಿ 30 ಶೇಕಡ ಅಂಕ ಕಾಲೇಜಿನ ಒಳಗೇ ಬೀಳುತ್ತದೆ, 70 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಒಳಗಿನದು ಅಸೈನ್‌ಮೆಂಟ್, ಸೆಮಿನಾರ್, ಟೆಸ್ಟ್‌ಗಳದ್ದು. ಇದು ತಂತಾನೇ ಸಿಗುತ್ತದೆಂಬ ನಂಬಿಕೆ ಹಳೆಯ ಕಾಲದ್ದು. ಅಸೈನ್‌ಮೆಂಟ್ ಕೊಟ್ಟ ದಿನಾಂಕವನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ, ಕೊಟ್ಟದ್ದರ ಫೋಟೋ ಇರಲಿ. ಇಂಟರ್ನಲ್ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಮಕ್ಕಳ ಸಹಿಗೆ ಬರುತ್ತದೆ; ಅಂಕ ನೋಡದೆ ಸಹಿ ಹಾಕಿದರೆ ಆಮೇಲೆ ತಿದ್ದಿಸುವುದು ಕಷ್ಟ. ಫೇಲಾದ ಪೇಪರಿಗೆ ಇಲ್ಲಿ ಎಲ್ಲರೂ ‘ಸಪ್ಲಿ’ ಎನ್ನುತ್ತಾರೆ. ಒಂದು ಸಪ್ಲಿ ಇಟ್ಟುಕೊಂಡು ಮುಂದಕ್ಕೆ ಹೋಗಲು ತೊಂದರೆಯಿಲ್ಲ, ಆದರೆ ಐದನೇ ಸೆಮಿಸ್ಟರಿಗೆ ಮೊದಲು ತೀರಿಸಿಬಿಡಿ. ಆಗ ಮೇಜರ್ ಪೇಪರುಗಳ ರಾಶಿ ಕಾದಿರುತ್ತದೆ.

ಇಂಟರ್ನ್‌ಶಿಪ್ಪಿಗೆ 2 ಕ್ರೆಡಿಟ್ ಮಾತ್ರ ಎಂದು ಯಾರದೋ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಸರ್ಟಿಫಿಕೇಟು ತರುವವರಿಗೆ ಮುಂದೆ ಬಯೋಡಾಟಾದಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ಕನ್ನಡ ದಿನಪತ್ರಿಕೆಗಳ ಕಾಸರಗೋಡು ಕಚೇರಿ, ಗ್ರಾಮ ಪಂಚಾಯತು, ಊರಿನ ಗ್ರಂಥಾಲಯ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ, ಇಂಥ ಕಡೆ ಎರಡು ತಿಂಗಳು ಮೊದಲೇ ವಿಭಾಗದ ಪತ್ರ ಹಿಡಿದು ಕೇಳಿ. ಸೆಮಿಸ್ಟರ್ ನಡುವೆ ಸಿಕ್ಕಿಸದೆ ರಜೆಯಲ್ಲಿ ಮುಗಿಸಿ. ದಿನಕ್ಕೊಂದು ಪುಟ ಕೆಲಸದ ದಾಖಲೆ ಬರೆದಿದ್ದರೆ ವರದಿ ಒಂದೇ ದಿನದಲ್ಲಿ ಆಗುತ್ತದೆ.

ಎನ್.ಎಸ್.ಎಸ್. ಸೇರುವವರಿಗೆ: ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮತ್ತು ಒಂದು 7 ದಿನದ ಶಿಬಿರ, ಎರಡೂ ಪೂರ್ತಿಯಾದರೆ ಮಾತ್ರ ಸರ್ಟಿಫಿಕೇಟು.

ವಿದ್ಯಾರ್ಥಿವೇತನಕ್ಕೆ ಕಾಲೇಜು ತೆರೆದ ಮೊದಲ ಮೂರು ತಿಂಗಳು ನೋಟಿಸ್ ಬೋರ್ಡು ತಪ್ಪಿಸಬೇಡಿ. ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ರಾಜ್ಯದ ಇ-ಗ್ರಾಂಟ್ಸ್ ಇದೆ. ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ, ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದವರಿಗೆ ಕೇಂದ್ರದ ವಿದ್ಯಾರ್ಥಿವೇತನ ಡಿಗ್ರಿಯ ಮೂರು ವರ್ಷ ತಲಾ 12,000 ರೂಪಾಯಿ. ಒಂದು ಸಲ ಸಿಕ್ಕಿದರೆ ಪ್ರತಿವರ್ಷ ನವೀಕರಿಸಬೇಕು. ಹಣ ನಿಲ್ಲುವುದು ಹೆಚ್ಚಾಗಿ ನವೀಕರಣ ಮರೆತು, ಇಲ್ಲವೆ ಖಾತೆಗೆ ಆಧಾರ್ ಜೋಡಿಸದೆ.

8. ಮೂರಕ್ಕೆ ಇಳಿಯುವುದೋ, ನಾಲ್ಕಕ್ಕೆ ಹೋಗುವುದೋ

ಬಿ.ಎಡ್., ಬ್ಯಾಂಕು, ಪಿ.ಎಸ್.ಸಿ. ಗುರಿಯಾದವರು ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಳ್ಳಿ. ಬಿ.ಎಡ್. ಎರಡು ವರ್ಷದ್ದು, ಸುಮ್ಮನೆ ಒಂದು ವರ್ಷ ಹೆಚ್ಚಿಸಿಕೊಂಡರೆ ಲಾಭವಿಲ್ಲ.

ಎಂ.ಎ.ಗೆ ಹೋಗುವವರ ಲೆಕ್ಕ ಬೇರೆ. ನಾಲ್ಕು ವರ್ಷದ ಆನರ್ಸ್ ಆದವರಿಗೆ ಸ್ನಾತಕೋತ್ತರ ಒಂದು ವರ್ಷಕ್ಕೆ ಮುಗಿಯುವ ಕ್ರಮ ಇದೆ. ಒಟ್ಟು ವರ್ಷ ಐದೇ. ಸಂಶೋಧನೆಯ ಆನರ್ಸ್ ಬೇಕಾದರೆ ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡ ಇರಬೇಕು, ನಾಲ್ಕನೇ ವರ್ಷ 12 ಕ್ರೆಡಿಟಿನ ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಶೇಕಡ ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕಾಗಿ ನೆಟ್ ಬರೆಯಬಹುದು. ಆದರೆ ಇಲ್ಲಿ ಎರಡು ಸಲ ಯೋಚಿಸಿ. ಹೈಯರ್ ಸೆಕೆಂಡರಿ ಹುದ್ದೆ ಎಂ.ಎ. ಕೇಳುತ್ತದೆ. ಎಂ.ಎ. ಬಿಟ್ಟು ಸಂಶೋಧನೆಗೆ ಹಾರಿದವರಿಗೆ ಅದು ಮುಚ್ಚಿಹೋಗುತ್ತದೆ. ಗಡಿನಾಡಿನ ಕನ್ನಡ ವಿದ್ಯಾರ್ಥಿ ಎಂ.ಎ. ಮಾಡಿಯೇ ಮುಂದಕ್ಕೆ ಹೋಗುವುದು ಕ್ಷೇಮ.

ಪ್ರಾಜೆಕ್ಟಿನ ವಿಷಯ ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪರಂಪರೆ, ಕನ್ನಡದ ಊರ ಹೆಸರು ಮಲಯಾಳದಲ್ಲಿ ಪಡೆದ ರೂಪ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ, ಒಂದೇ ಅಂಗಡಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡುವ ಪರಿ, ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. ‘ಕಾಸರಗೋಡಿನ ಜನಪದ’ ಎಂಬಂಥ ಅಗಲದ ಶೀರ್ಷಿಕೆ ಬೇಡ. ಒಂದು ಪಂಚಾಯತು, ಒಂದು ಆಚರಣೆ, ಹತ್ತು ಸಂದರ್ಶನ: ಇಷ್ಟು ಹಿಡಿದರೆ ಮುಗಿಸಬಹುದು.

ಎಂ.ಎ. ಕನ್ನಡಕ್ಕೆ ವಿದ್ಯಾನಗರದ ಸರಕಾರಿ ಕಾಲೇಜು, ಚಾಲದಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಕ್ಯಾಂಪಸ್, 2009ರಲ್ಲಿ ಆರಂಭವಾದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ನೋಡಬಹುದು. ಪೆರಿಯಕ್ಕೆ ಸಿ.ಯು.ಇ.ಟಿ. ಪಿ.ಜಿ. ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ. ಅದರ ಅರ್ಜಿ ಡಿಗ್ರಿ ಕೊನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಮುಗಿದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ವಿಚಾರಿಸಿದವರಿಗೆ ಒಂದು ವರ್ಷ ಹೋಯಿತು.

9. ಒಂದೇ ಹೆಸರಿನ ಬೇರೆ ಪರೀಕ್ಷೆಗಳು

ಗಡಿಯ ಆಚೀಚೆ ಇರುವವರು ಇದರಲ್ಲಿ ಹಣವನ್ನೂ ವರ್ಷವನ್ನೂ ಕಳೆದುಕೊಳ್ಳುತ್ತಾರೆ. ಕೇರಳದ ‘ಸೆಟ್’ ಹೈಯರ್ ಸೆಕೆಂಡರಿ ಅಧ್ಯಾಪಕರಾಗಲು, ಎಲ್.ಬಿ.ಎಸ್. ಸೆಂಟರ್ ನಡೆಸುತ್ತದೆ, ವಿಷಯಗಳಲ್ಲಿ ಕನ್ನಡವೂ ಇದೆ. ಕರ್ನಾಟಕದ ‘ಕೆ-ಸೆಟ್’ ಕಾಲೇಜು ಉಪನ್ಯಾಸಕರಾಗಲು, ಅದೂ ಕರ್ನಾಟಕದಲ್ಲಿ ಮಾತ್ರ. ಕೆ-ಸೆಟ್ ಪಾಸಾದವರು ಕೇರಳದ ಕಾಲೇಜಿಗೆ ಅರ್ಹರಲ್ಲ, ಕೇರಳದ ಸೆಟ್ ಹಿಡಿದು ಮಂಗಳೂರಿನ ಕಾಲೇಜಿಗೆ ಹೋದರೆ ಅದಕ್ಕೆ ಬೆಲೆಯಿಲ್ಲ. ಎರಡೂ ಕಡೆ ನಡೆಯುವುದು ನೆಟ್ ಒಂದೇ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು ನಿಮ್ಮ ವಿಷಯದ 100, ಒಟ್ಟು ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಟೆಟ್ ಕೂಡ ಹೀಗೆಯೇ, ಎರಡು ರಾಜ್ಯಕ್ಕೆ ಎರಡು. ಕೇರಳದ ಕೆ-ಟೆಟ್ 150 ಪ್ರಶ್ನೆಯದು. ಪಾಸಾಗಲು ಸಾಮಾನ್ಯ ವರ್ಗಕ್ಕೆ 60 ಶೇಕಡ, ಹಿಂದುಳಿದವರು ಮತ್ತು ಪರಿಶಿಷ್ಟರಿಗೆ 55.

ಪಿ.ಎಸ್.ಸಿ.ಗೆ ಡಿಗ್ರಿ ಓದುವಾಗಲೇ ಒನ್ ಟೈಮ್ ರಿಜಿಸ್ಟ್ರೇಶನ್ ಮಾಡಿಡಿ. ಅರ್ಜಿ ಹಾಕುವಾಗ ಪ್ರಶ್ನೆಪತ್ರಿಕೆಯ ಭಾಷೆ ಕನ್ನಡ ಎಂದು ಗುರುತಿಸಲು ಮರೆಯಬೇಡಿ. ಮರೆತರೆ ಮಲಯಾಳದ್ದೇ ಕೈಗೆ ಬರುತ್ತದೆ. ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷೆಗೆ ಕೆಲವು ವಾರ ಮೊದಲು ‘ಬರೆಯುತ್ತೇನೆ’ ಎಂದು ಪ್ರೊಫೈಲಿನಲ್ಲಿ ಖಚಿತಪಡಿಸಬೇಕು, ಇಲ್ಲವಾದರೆ ಹಾಲ್ ಟಿಕೆಟ್ ಬರುವುದಿಲ್ಲ. ತಿಂಗಳಿಗೆ ಎರಡು ಸಲ ಪ್ರೊಫೈಲ್ ತೆರೆದು ನೋಡುವ ಅಭ್ಯಾಸ ಇರಲಿ.

ಗ್ರಾಮೀಣ ಬ್ಯಾಂಕುಗಳಲ್ಲಿ ಅರ್ಜಿ ಹಾಕುವ ರಾಜ್ಯದ ಭಾಷೆ ಬಂದಿರಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಓದಿದ ನೀವು ಕಾಸರಗೋಡಿನವರಾದರೂ ಕರ್ನಾಟಕದ ಹುದ್ದೆಗೆ ಅರ್ಜಿ ಹಾಕಬಹುದು. ಕೇರಳದ್ದೇ ಬೇಕೆಂದರೆ ಮಲಯಾಳ ಓದಿ ಬರೆಯಲು ಬರಬೇಕು, ಆರನೇ ಹಂತದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ.

10. ಕಾಲೇಜು ಬಿಡುವ ದಿನ

ಗ್ರಂಥಾಲಯದ ಬಾಕಿ ತೀರಿಸಿ ‘ನೋ ಡ್ಯೂಸ್’ ಬರೆಸಿ ಟಿ.ಸಿ. ಪಡೆಯಿರಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರು ಮೈಗ್ರೇಶನ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಇವರು ನಮ್ಮಲ್ಲಿಂದ ಬಿಡುಗಡೆಯಾದರು ಎಂದು ವಿಶ್ವವಿದ್ಯಾಲಯ ಕೊಡುವ ಪತ್ರ ಅದು. ಕೊಣಾಜೆಯಲ್ಲೂ ಕೇಳುತ್ತಾರೆ, ಪೆರಿಯದಲ್ಲೂ ಕೇಳುತ್ತಾರೆ. ಪ್ರೊವಿಶನಲ್, ಎಲ್ಲ ಸೆಮಿಸ್ಟರ್ ಸೇರಿಸಿದ ಅಂಕಪಟ್ಟಿ, ಮೂಲ ಡಿಗ್ರಿ ಪತ್ರ, ಮೂರಕ್ಕೂ ಬೇರೆ ಬೇರೆ ಅರ್ಜಿ. ಹೊಸ ಕಡೆ ಮೂಲ ಟಿ.ಸಿ. ಕೊಡುವ ಮೊದಲು ಎರಡು ಬದಿಯ ಪ್ರತಿ ಇಟ್ಟುಕೊಳ್ಳಿ. ಪಠ್ಯಕ್ರಮದ ಪುಸ್ತಕವನ್ನು, ಕಾಲೇಜಿನ ಮುದ್ರೆ ಹಾಕಿಸಿ, ಡಿಗ್ರಿ ಪತ್ರದ ಜೊತೆಯಲ್ಲೇ ಇಡಿ: ನಾಲ್ಕು ವರ್ಷ ಕಳೆದು ಇನ್ನೊಂದು ರಾಜ್ಯದ ಕಚೇರಿಯಲ್ಲಿ ‘ನೀವು ಓದಿದ್ದು ಏನು’ ಎಂದು ಕೇಳಿದಾಗ ತೋರಿಸಲು ಬೇಕಾಗುವುದು ಅದೇ.